ಕೊಚ್ಚಿಯಲ್ಲಿ ಇಳಿಯದವರು

ಹಡಗಿನ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಹಿತವಾಗಿದ್ದದ್ದು ಹಡಗು ನಿಂತ ದಿನ. ಇದನ್ನು ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಹಡಗು ಹತ್ತಿ ಬಂದವಳು ಅಲೆ ಎಷ್ಟು ಎತ್ತರಕ್ಕೆ ಎದ್ದಿತು, ಸೂರ್ಯ ಹೇಗೆ ಮುಳುಗಿದ ಅಂತ ಹೇಳಬೇಕು ತಾನೆ? ಕೇಳಿದವರಿಗೆಲ್ಲ ಹಾಗೇ ಹೇಳಿಕೊಂಡು ಬರುತ್ತಿದ್ದೇನೆ. ಸೂರ್ಯನನ್ನಂತೂ ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೆಂಪು ಮಾಡಿದ್ದೇನೆ. ಬಣ್ಣದ ಅಂಗಡಿಯವರ ಹೆಂಡತಿ ನಾನು, ಅಷ್ಟು ಸ್ವಾತಂತ್ರ್ಯ ಇರಬಾರದೆ? ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ. ಅಷ್ಟು ದೊಡ್ಡ ಹಡಗು ಹಗ್ಗ ಕಟ್ಟಿಸಿಕೊಂಡು, ನಮ್ಮ ಬೀದಿಯ ಕೊನೆಯಲ್ಲಿ ಮೆಲುಕು ಹಾಕುತ್ತ ನಿಲ್ಲುವ ಹಸುವಿನ ಹಾಗೆ, ಕೊಚ್ಚಿಯ ದಡದಲ್ಲಿ ಸುಮ್ಮನೆ ನಿಂತಿತ್ತಲ್ಲ, ಆ ಹಗಲು ನನ್ನದು. ನನ್ನದು ಮತ್ತು ನಮ್ಮ ಅತ್ತೆಯವರದು.

ನಾವು ಹಡಗು ಹತ್ತಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನಮ್ಮನ್ನು ಭಾರೀ ಕುಳಗಳು ಅಂದುಕೊಳ್ಳುತ್ತೀರಿ. ನಮ್ಮ ಯಜಮಾನರದು ಕಾಟನ್‌ಪೇಟೆಯಲ್ಲಿ ಗೋಡೆ ಬಣ್ಣದ ಅಂಗಡಿ. ಬಣ್ಣದ ಕಂಪನಿಯವರು ಚೆನ್ನಾಗಿ ಮಾಲು ಓಡಿಸಿದ ಡೀಲರುಗಳನ್ನು ಆಗಾಗ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರೆ. ಒಂದು ಸಲ ಊಟಿ, ಇನ್ನೊಂದು ಸಲ ಯಾವುದೋ ರೆಸಾರ್ಟು. ಈ ಸಲ ಹಡಗು. ಮುಂಬಯಿಯಲ್ಲಿ ಹತ್ತಿ, ಗೋವಾ ನೋಡಿ, ಕೊಚ್ಚಿ ನೋಡಿ, ಅಲ್ಲಿಂದ ನಡುಸಮುದ್ರಕ್ಕೆ ಹೋಗಿ ಲಕ್ಷದ್ವೀಪ ತೋರಿಸಿಕೊಂಡು ವಾಪಸ್ಸು. ಗಂಡ ಹೆಂಡತಿ ಇಬ್ಬರಿಗೆ ಅಂತ ಕರೆ ಬಂದಾಗ, ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತದೆ, "ನನ್ನೂ ಕರ್ಕಂಡೋಗಪ್ಪ" ಅಂದರು.

ನಾನು ಸೊಸೆಯಾಗಿ ಬಂದಾಗಿನಿಂದ ಅವರು ಬಾಯಿಬಿಟ್ಟು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ಕುಣಿಗಲ್ ಕಡೆಯ ಬೇಸಾಯಗಾರರ ಮನೆಯಿಂದ ಬಂದವರು. ಬೇಕು ಅನ್ನುವುದು ಅವರ ಮಾತಿನಲ್ಲಿ ಬರುವುದೇ ಇಲ್ಲ. ನಮ್ಮ ಯಜಮಾನರು ಸಾವರಿಸಿಕೊಂಡು, "ಹಡಗಿಗಾ ಅವ್ವ? ಅಲ್ಲಿ ನೋಡೋಕೆ ಏನಿದೆ, ಬರೀ ನೀರು" ಅಂದರು.

"ಅದನ್ನೇ ನೋಡಬೇಕು" ಅಂದರು ಅತ್ತೆ.

ಅವರ ಟಿಕೆಟ್ಟಿನ ದುಡ್ಡು ನಾವೇ ಕಟ್ಟಿದೆವು. ಅವರು ಹಾಗೆ ಕೇಳಿದ್ದರ ಕಾರಣ ನನಗೆ ಆಮೇಲೆ ತಿಳಿಯಿತು. ಬೆಳಿಗ್ಗೆ ಎದ್ದು ಕಾಲು ಕೆಳಗಿಡುವ ಮುಂಚೆ ಭೂಮಿತಾಯಿಯ ಕ್ಷಮೆ ಕೇಳುವ ಪದ್ಧತಿ ನಿಮಗೆ ಗೊತ್ತಲ್ಲ. ಸಮುದ್ರವನ್ನೇ ಬಟ್ಟೆಯಾಗಿ ಉಟ್ಟ ತಾಯಿ, ನಿನ್ನನ್ನು ಕಾಲಿನಿಂದ ಮುಟ್ಟುತ್ತಿದ್ದೇನೆ, ಹೊಟ್ಟೆಗೆ ಹಾಕಿಕೋ ಅಂತ. ಅತ್ತೆಗೆ ಸಂಸ್ಕೃತ ಬಾರದು. ಎಳೆಯ ವಯಸ್ಸಿನಲ್ಲಿ ಯಾರೋ ಅರ್ಥ ಹೇಳಿಕೊಟ್ಟಿದ್ದನ್ನೇ ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ. ಬಟ್ಟೆ ಅನ್ನುವ ಕಡೆ 'ಸೀರೆ' ಅನ್ನುತ್ತಾರೆ. ದಿನಾ ಬೆಳಿಗ್ಗೆ ನೆನೆಯುವ ಆ ಸೀರೆ ಹೇಗಿದೆ ಅಂತ ಒಮ್ಮೆ ಪೂರ್ತಿ ನೋಡಬೇಕು ಅನ್ನುವುದು ಅವರ ಆಸೆ. "ಮಲ್ಪೇಲಿ ನೋಡಿದ್ದು ಬರೀ ಸೆರಗು ಕಣೆ. ದಡದಲ್ಲಿ ನಿಂತ್ರೆ ಸೆರಗೇ ಕಾಣೋದು. ದಡವೇ ಕಾಣದಿರೋ ಕಡೆ ಹೋದ್ರೆ ತಾನೆ ಸೀರೆ ಕಾಣೋದು" ಅಂದರು. ದೇವರಿಗೆ ಸೀರೆ ಉಡಿಸುವ ಹೆಂಗಸರಿಗೆ ಇಂಥ ಸಂಶಯ ಬರುವುದು ಸಹಜವೇ.

ಹೊರಡುವ ಹಿಂದಿನ ದಿನ ಎನ್.ಆರ್. ಕಾಲೋನಿಯಿಂದ ಶಾರದಮ್ಮನವರು ಬಂದಿದ್ದರು. ಅತ್ತೆಯ ಸ್ನೇಹಿತೆ, ಶಾಸ್ತ್ರ ತಿಳಿದವರು. ಹಿಂದಿನ ಕಾಲದಲ್ಲಿ ಸಮುದ್ರ ದಾಟಿದವರನ್ನು ಪಂಕ್ತಿಗೆ ಕೂರಿಸಿಕೊಳ್ಳುತ್ತಿರಲಿಲ್ಲವಂತೆ. ವಿಲಾಯಿತಿಗೆ ಓದಲು ಹೋದ ಹುಡುಗರು ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತಂತೆ. ಇದನ್ನೆಲ್ಲ ವಿವರಿಸಿ, "ಈ ವಯಸ್ಸಲ್ಲಿ ನಿಮಗ್ಯಾಕೆ ಇದೆಲ್ಲ" ಅಂದರು. ಅತ್ತೆ ಅವರಿಗೆ ಕಾಫಿ ಕೊಡಿಸಿ ನಿಧಾನಕ್ಕೆ ಹೇಳಿದರು: "ನಾವೇನು ದಾಟ್ತೀವಾ ಶಾರದಮ್ಮ? ಅರ್ಧ ಹೋಗಿ ನೋಡ್ಕಂಡು ಈ ಕಡೆಗೇ ಬರ್ತೀವಿ. ಅಲ್ದೆ, ದಾಟಿ ಬಂದ ಹನುಮಂತರಾಯನ್ಗೆ ನೀವು ಶನಿವಾರ ಶನಿವಾರ ವಡೆಹಾರ ಹಾಕಿಸಲ್ವಾ?" ಶಾರದಮ್ಮನವರು ಕಾಫಿ ಕುಡಿದು ಹೋದರು.

ಹಡಗಿನ ಒಳಗೆ ಕಾಲಿಟ್ಟರೆ ಅದು ಹಡಗಿನ ಹಾಗೇ ಇಲ್ಲ. ನಮ್ಮ ಕಡೆಯ ದೊಡ್ಡ ಕಲ್ಯಾಣಮಂಟಪವನ್ನು ನೀರಿಗೆ ಬಿಟ್ಟ ಹಾಗೆ. ಜಗಮಗ ದೀಪ, ರತ್ನಗಂಬಳಿ, ಎಲ್ಲ ಕಡೆ ಕನ್ನಡಿ. ನಾನು ಎರಡು ಸಲ ಕನ್ನಡಿಯಲ್ಲಿ ನನ್ನನ್ನೇ ನೋಡಿ, ಯಾರೋ ನಮ್ಮ ಕಡೆಯವರು ಅಂತ ನಕ್ಕಿದ್ದೇನೆ. ಕೋಣೆಯಲ್ಲಿ ಅಲಂಕಾರದ ಮೇಜಿನ ಮೇಲೆ ನಮ್ಮ ಮನೆದೇವರ ಪಟ ಇಟ್ಟೆ. ಬೆಂಕಿಕಡ್ಡಿ ಗೀರುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದರಿಂದ ಚಿಕ್ಕಪೇಟೆಯಲ್ಲಿ ಒಂದು ಬ್ಯಾಟರಿ ದೀಪ ಕೊಂಡು ತಂದಿದ್ದೆ. ಅದು ಗಾಳಿಗೆ ಆರುವುದಿಲ್ಲ, ಎಣ್ಣೆ ಕೇಳುವುದಿಲ್ಲ. ಅದೂ ಒಂದು ಪುಣ್ಯ. ಬೆಳಿಗ್ಗೆ ಅತ್ತೆಗೆ ಇನ್ನೊಂದು ತೊಡಕು ಬಂತು. ಕಾಲಿಡುವುದು ಭೂಮಿಯ ಮೇಲಲ್ಲ, ಹಡಗಿನ ಮೇಲೆ. ಕ್ಷಮೆ ಕೇಳುವುದು ಯಾರನ್ನ? ಮಂಚದ ಮೇಲೆ ಕಾಲು ಇಳಿಬಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿ, "ಕಬ್ಬಿಣನೂ ಭೂಮಿಯಿಂದ್ಲೇ ಬಂದಿರೋದು" ಅಂತ ತೀರ್ಮಾನಿಸಿ ಇಳಿದರು.

ಇಷ್ಟೆಲ್ಲ ತೊಡಕು ಬಿಡಿಸಿಕೊಂಡವರು ಊಟದ ಹತ್ತಿರ ಬಂದು ನಿಂತುಬಿಟ್ಟರು.

ಹಡಗಿನಲ್ಲಿ ಊಟವೆಂದರೆ ಬಫೆ. ಉದ್ದಕ್ಕೆ ಇಟ್ಟಿರುತ್ತಾರೆ, ತಟ್ಟೆ ಹಿಡಿದುಕೊಂಡು ಹೋಗಿ ಬೇಕಾದ್ದನ್ನು ಹಾಕಿಕೊಳ್ಳುವುದು. ಇಡ್ಲಿಯಿಂದ ಹಿಡಿದು ಹೆಸರು ಗೊತ್ತಿಲ್ಲದ ಹುಲ್ಲಿನವರೆಗೆ ಎಲ್ಲವೂ ಇತ್ತು. ಅತ್ತೆ ಮಾತ್ರ ಕುರ್ಚಿಯ ಮೇಲೆ ಕೈಕಟ್ಟಿ ಕೂತು "ಹಸಿವಿಲ್ಲ ಕಣವ್ವ" ಅಂದರು. ಮೊದಲ ಹೊತ್ತು ಹಾಗೆ, ಎರಡನೆಯ ಹೊತ್ತೂ ಹಾಗೇ. ಮಾಂಸದ ವಾಸನೆಗೆ ಇರಬೇಕು ಅಂತ ದೂರದ ಮೂಲೆಯಲ್ಲಿದ್ದ ಸಸ್ಯಾಹಾರದ ಕಡೆ ಕರೆದುಕೊಂಡು ಹೋದೆ. ಉಹೂಂ. ತಿಂದ ತಟ್ಟೆ ಹಿಡಿದುಕೊಂಡು ಬಂದು ಮತ್ತೆ ಹಾಕಿಕೊಳ್ಳುತ್ತಾರಲ್ಲ, ಆ ಎಂಜಲಿಗೆ ಅಂಜಿದ್ದಾರೆ ಅಂತ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಮೊದಲ ಪಾತ್ರೆಯಿಂದ ತಟ್ಟೆ ತುಂಬಿಸಿ ತಂದು ಮುಂದಿಟ್ಟೆ. ತಟ್ಟೆಯನ್ನು ನೋಡಿ, ನನ್ನನ್ನು ನೋಡಿ, ಒಂದು ಬಾಳೆಹಣ್ಣು ತೆಗೆದುಕೊಂಡರು. ಉಳಿದ ಡೀಲರುಗಳ ಹೆಂಡತಿಯರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು. ನೀರಿನ ಮೇಲೆ ಪಿತ್ತ ಕೆರಳುತ್ತದೆ ಅಂತ ಒಬ್ಬರು, ದೃಷ್ಟಿಯಾಗಿದೆ ಅಂತ ಇನ್ನೊಬ್ಬರು. ನಾನು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿ ಕೊಟ್ಟರೆ ಎರಡು ಚಮಚ ತಿನ್ನುವರು, ಅಷ್ಟೇ.

ಗೋವಾ ದಾಟಿದ ಮೇಲೆ ಲಿಫ್ಟಿನ ಹತ್ತಿರ ಅವರಿಗೆ ತಲೆ ಸುತ್ತು ಬಂತು. ಹಡಗಿನ ಡಾಕ್ಟರು ನಾಡಿ, ರಕ್ತ ಎಲ್ಲ ನೋಡಿ, "ಬೇರೇನೂ ಇಲ್ಲ, ಹೊಟ್ಟೆ ಖಾಲಿ. ಊಟ ಮಾಡಿಸಿ" ಅಂದರು. ನಮ್ಮ ಯಜಮಾನರು ಹೆದರಿಬಿಟ್ಟರು. ಅವತ್ತು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಕೊಚ್ಚಿ ಆದ್ಮೇಲೆ ನಡುಸಮುದ್ರ. ಅಲ್ಲಿ ಏನಾದ್ರೂ ಆದ್ರೆ ಯಾರನ್ನ ಕೂಗೋಣ? ನಾಳೆ ರಾತ್ರಿ ಹಡಗು ಬಿಡೋದ್ರೊಳಗೆ ಅವ್ವ ಒಂದು ಹೊತ್ತು ಸರಿಯಾಗಿ ಊಟ ಮಾಡಿದ್ರೆ ಸರಿ. ಇಲ್ದಿದ್ರೆ ಇಳಿದು ರೈಲು ಹತ್ತಿಬಿಡೋಣ. ನೀನು ಪೆಟ್ಟಿಗೆ ಕಟ್ಟಿಟ್ಟಿರು." ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ಕೊಚ್ಚಿಯಲ್ಲಿ ಇಳಿದರೆ ಅತ್ತೆ ನೋಡಿದ್ದು ಮತ್ತೆ ಸೆರಗೇ.

ಹೀಗೆ ಆ ದಿನ ಬೆಳಗಾಯಿತು. ತಿಂಡಿ ಮುಗಿಸಿ ಹಡಗಿಗೆ ಹಡಗೇ ಊರು ನೋಡಲು ಇಳಿದುಹೋಯಿತು. ಬಣ್ಣದವರ ಗುಂಪು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಬಸ್ಸು ಹತ್ತಿತು. ನಮ್ಮ ಯಜಮಾನರು ರೈಲಿನ ಟಿಕೆಟ್ಟು ವಿಚಾರಿಸಿಕೊಂಡು ಬರುತ್ತೇನೆ ಅಂತ ಅವರ ಜೊತೆ ಹೋದರು. ನಾವಿಬ್ಬರೇ ಉಳಿದೆವು.

ಸಂಕ್ರಾಂತಿಯ ರಜೆಗೆ ಎಲ್ಲರೂ ಊರಿಗೆ ಹೋದಾಗ ನಮ್ಮ ಬೀದಿ ಹೇಗಾಗುತ್ತದೆ ನೋಡಿದ್ದೀರಾ? ಗಾಡಿಗಳಿಲ್ಲ, ಹಾರ್ನಿಲ್ಲ, ಮಸೀದಿಯ ಕೂಗೂ ದೇವಸ್ಥಾನದ ಗಂಟೆಯೂ ಒಂದರ ಮೇಲೊಂದು ಬೀಳದೆ ಸ್ಪಷ್ಟವಾಗಿ ಕೇಳುತ್ತವೆ. ನಮ್ಮ ಬೀದಿ ಇಷ್ಟು ಅಗಲ ಇತ್ತೆ ಅನ್ನಿಸುತ್ತದೆ. ಹಡಗೂ ಹಾಗೇ ಆಯಿತು. ಲಿಫ್ಟು ಕರೆದ ತಕ್ಷಣ ಬಂತು. ದಿನಾ ಟವೆಲ್ಲು ಹಾಸಿ ಕಾದಿರಿಸುತ್ತಿದ್ದ ಕುರ್ಚಿಗಳೆಲ್ಲ, ಯಾರು ಬೇಕಾದರೂ ಕೂತುಕೊಳ್ಳಿ ಅನ್ನುತ್ತ ಖಾಲಿ ಬಿದ್ದಿದ್ದವು. ಈಜುಕೊಳದಲ್ಲಿ ಆಕಾಶ ಬಿಟ್ಟರೆ ಯಾರೂ ಇರಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕುಣಿಸುತ್ತಿದ್ದ ಹಾಡೂ ನಿಂತಿತ್ತು. ನಾವಿಬ್ಬರೂ ಮೇಲಟ್ಟದಲ್ಲಿ, ಯಾವ ಕುರ್ಚಿ ಒಳ್ಳೆಯದು ಅಂತ ನಾಲ್ಕಾರರಲ್ಲಿ ಕೂತು ನೋಡಿ, ಕಡೆಗೆ ಮೊದಲನೆಯದಕ್ಕೇ ಬಂದೆವು.

ಬಂದರಿನ ಮೇಲೆ ಗರುಡ ಹಾರುತ್ತಿತ್ತು. ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಬೆಂಗಳೂರಿನಲ್ಲಿ ಗರುಡ ಕಂಡರೆ ಅವತ್ತಿಡೀ ಮನಸ್ಸಿಗೆ ಗೆಲುವು. ಅತ್ತೆ ಎದ್ದು ನಿಂತು ಕೆನ್ನೆ ತಟ್ಟಿಕೊಂಡು ಕೈಮುಗಿದರು. ಅಷ್ಟರಲ್ಲಿ ಇನ್ನೊಂದು ಬಂತು. ಅದಕ್ಕೂ ಮುಗಿದರು. ಆಮೇಲೆ ನೋಡಿದರೆ ನಮ್ಮಲ್ಲಿ ಕಾಗೆ ಇದ್ದ ಹಾಗೆ ಅಲ್ಲಿ ಗರುಡ! ಮೀನಿಗಾಗಿ ಗುಂಪುಗುಂಪಾಗಿ ಸುತ್ತುತ್ತಿವೆ. ಅತ್ತೆ ಸ್ವಲ್ಪ ಹೊತ್ತು ಮುಗಿದೂ ಮುಗಿದೂ ಸುಸ್ತಾಗಿ, "ಎಲ್ಲಾರ್ಗೂ ಸೇರಿಸಿ ಒಂದೇ ಸಲ" ಅಂತ ಒಂದು ದೊಡ್ಡ ನಮಸ್ಕಾರ ಹಾಕಿ ಕೂತುಬಿಟ್ಟರು. ನಾನು ನಕ್ಕೆ. ಅವರೂ ನಕ್ಕರು. ಮನೆಯಲ್ಲಿ ನಾವಿಬ್ಬರೂ ಹೀಗೆ ಸುಮ್ಮನೆ ಅಕ್ಕಪಕ್ಕ ಕೂತು ನಕ್ಕಿದ್ದು ಕಡಿಮೆ. ಜಗಳವೇನೂ ಇಲ್ಲಪ್ಪ, ಪುರುಸೊತ್ತಿಲ್ಲ ಅಷ್ಟೆ. ಕುಕ್ಕರು ಕೂಗುತ್ತಿರುತ್ತದೆ, ನಲ್ಲಿಯಲ್ಲಿ ನೀರು ಬಂದಿರುತ್ತದೆ, ಬಾಗಿಲಲ್ಲಿ ಸೊಪ್ಪಿನವಳು ನಿಂತಿರುತ್ತಾಳೆ.

ಆಮೇಲೆ ಕೋಣೆಗೆ ಬಂದು ಪೆಟ್ಟಿಗೆ ಕಟ್ಟಲು ಕೂತೆ. ಅತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದರು. ಯಾಕೆ ಕಟ್ಟುತ್ತಿದ್ದೀಯಾ ಅಂತ ಕೇಳಲಿಲ್ಲ. ಅವರಿಗೆ ಎಲ್ಲ ಗೊತ್ತಾಗಿರುತ್ತದೆ. ನಡುಸಮುದ್ರ ನೋಡುವ ದಿನ ಉಡಲು ಅಂತ ಅವರೇ ಆರಿಸಿಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ನಾನು ಎಲ್ಲದರ ಕೆಳಗೆ ಇಟ್ಟಾಗ ಮಾತ್ರ, ಕಿಟಕಿಯ ಕಡೆ ತಿರುಗಿ, "ಇರ್ಲಿ ಬಿಡು. ಸೆರಗಾದ್ರೂ ಹತ್ರದಿಂದ ಕಾಣ್ತು" ಅಂದರು. ನನಗೆ ಪೆಟ್ಟಿಗೆಯ ಜಿಪ್ಪು ಎಳೆಯಲಾಗಲಿಲ್ಲ. ಅರ್ಧಕ್ಕೇ ಬಿಟ್ಟು, "ನಡೀರಿ ಅತ್ತೆ, ಊಟಕ್ಕೆ ಹೋಗೋಣ" ಅಂತ ಎಬ್ಬಿಸಿದೆ.

ಊಟದ ಹಾಲ್ ಖಾಲಿ ಖಾಲಿ. ಅಷ್ಟು ದೊಡ್ಡ ಜಾಗದಲ್ಲಿ, ಬಟ್ಟೆಯಿಂದ ಚಮಚ ಒರೆಸುತ್ತಿದ್ದ ಒಬ್ಬಳು ಹುಡುಗಿ ಬಿಟ್ಟರೆ ನಾವೇ. ಅನ್ನ, ತೊವ್ವೆ, ಒಂದು ಪಲ್ಯ, ಮೊಸರು ಎಲ್ಲ ಹಬೆಯಾಡುತ್ತಿತ್ತು. ಮೊಸರಿಗೆ ಹಬೆಯಿಲ್ಲ, ನೀವು ನಗುತ್ತೀರಿ ಅಂತ ಹೇಳುತ್ತಿದ್ದೇನೆ. ನಾನೋ, ಅತ್ತೆ ತಿನ್ನಲಿಲ್ಲ ಅಂತ ಬೆಳಗಿನಿಂದ ಸರಿಯಾಗಿ ತಿಂದಿರಲಿಲ್ಲ. ಬಗ್ಗಿ ಎದ್ದು ಪೆಟ್ಟಿಗೆ ತುಂಬಿ ಸೊಂಟ ಹಿಡಿದಿತ್ತು. ಎರಡು ಖಾಲಿ ತಟ್ಟೆ ತಂದು ಮೇಜಿನ ಮೇಲಿಟ್ಟು, ಕುರ್ಚಿಯ ಮೇಲೆ ಕುಸಿದು ಕೂತವಳು ಮತ್ತೆ ಏಳಲಾರದೆ ಅಂದುಬಿಟ್ಟೆ: "ನನ್ನ ಕೈಲಿ ಆಗಲ್ಲ ಅತ್ತೆ. ಇವತ್ತು ನೀವೇ ಇಕ್ಕಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಮಣಿಕಟ್ಟು ಮುರಿದುಕೊಂಡಾಗಿನಿಂದ ಮನೆಯಲ್ಲಿ ಅವರ ಕೈಗೆ ಸೌಟು ಕೊಟ್ಟಿರಲಿಲ್ಲ. ಡಾಕ್ಟರು ಭಾರ ಎತ್ತಬಾರದು ಅಂದಿದ್ದರು. ಆ ಭಾರದಲ್ಲಿ ಸೌಟನ್ನೂ ಸೇರಿಸಿದವರು ನಾವು. ಹೊತ್ತಿಗೆ ಸರಿಯಾಗಿ ಕೂರಿಸಿ, ನಾನೇ ಬಡಿಸಿ, ಉಂಡ ತಟ್ಟೆ ನಾನೇ ತೆಗೆಯುತ್ತಿದ್ದೆ.

ಅತ್ತೆ ಎದ್ದರು. ಎದ್ದ ರೀತಿಯೇ ಬೇರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅನ್ನದ ಪಾತ್ರೆಯ ಹತ್ತಿರ ಹೋಗಿ, ಮೊದಲು ಒಂದು ತುತ್ತಿನಷ್ಟು ಅನ್ನ ಒಂದು ಬಟ್ಟಲಿಗೆ ಹಾಕಿ ದೇವರಿಗೆ ಅಂತ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದು ಬಟ್ಟಲಿನಲ್ಲಿ ಅನ್ನ ತಂದು ನನ್ನ ತಟ್ಟೆಗೆ ಹಾಕಿದರು. ಮತ್ತೆ ಹೋಗಿ ತೊವ್ವೆ. ಮತ್ತೆ ಹೋಗಿ ಪಲ್ಯ. ಒಂದೊಂದಕ್ಕೂ ಒಂದೊಂದು ನಡಿಗೆ. ಎಲ್ಲವನ್ನೂ ಒಂದೇ ಸಲ ತರಬಹುದಿತ್ತಲ್ಲ ಅಂತ ನೀವು ಅಂದುಕೊಂಡರೆ ನೀವು ಬಫೆಯವರು. ನನ್ನ ಚೀಲದಿಂದ ಚಟ್ನಿಪುಡಿ ತೆಗೆದು ತಟ್ಟೆಯ ತುದಿಗೆ ಹಾಕಿ, "ಉಣ್ಣು" ಅಂದರು. ಉಂಡೆ. ತಟ್ಟೆ ಅರ್ಧ ಆಗುವಷ್ಟರಲ್ಲಿ ಮತ್ತೆ ಅನ್ನದ ಸೌಟು ಬಂತು. "ಸಾಕು ಸಾಕು ಅತ್ತೆ" ಅಂತ ಎರಡೂ ಕೈ ಅಡ್ಡ ಹಿಡಿದೆ. ಬೆರಳ ಸಂದಿಯಿಂದಲೇ ಹಾಕಿದರು. ಚಮಚ ಒರೆಸುತ್ತಿದ್ದ ಹುಡುಗಿ ಕೈ ನಿಲ್ಲಿಸಿ ನೋಡುತ್ತಿದ್ದಳು. ಅತ್ತೆ ಅವಳಿಗೂ, "ನೀನು ಉಂಡ್ಯೇನವ್ವ?" ಅಂದರು. ಭಾಷೆ ತಿಳಿಯದಿದ್ದರೂ ಹುಡುಗಿ ಹೊಟ್ಟೆ ಮುಟ್ಟಿಕೊಂಡು ತಲೆ ಆಡಿಸಿದಳು. ಇಬ್ಬರಿಗೂ ಸಮಾಧಾನವಾಯಿತು.

ನನ್ನದು ಮುಗಿದ ಮೇಲೆ ಅತ್ತೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ತಮ್ಮ ಖಾಲಿ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ಎಳೆದುಕೊಂಡು ನನ್ನ ಕಡೆ ನೋಡಿದರು.

ನನಗೆ ಆಗ ಹೊಳೆಯಿತು ನೋಡಿ. ಎದ್ದು ಹೋಗಿ ಅನ್ನ ತಂದು ಇಕ್ಕಿದೆ. ತೊವ್ವೆ ತಂದು ಇಕ್ಕಿದೆ. ಅವರು ಕಲಸಿದರು, ತಿಂದರು. "ಸಾಕು ಕಣೆ" ಅಂದರು, ನಾನು ಬಿಡದೆ ಹಾಕಿದೆ. ಮೊಸರನ್ನಕ್ಕೆ ಬಂದಾಗ ತಡೆಯಲಾರದೆ ಕೇಳಿದೆ: "ಅಲ್ಲ ಅತ್ತೆ, ಇಷ್ಟು ದಿನ ಯಾಕೆ ಹೀಗೆ ಉಪವಾಸ ಬಿದ್ರಿ? ಒಂದು ಮಾತು ಹೇಳಬಾರ್ದಿತ್ತಾ?"

"ಏನಂತ ಹೇಳಾನೆ? ಎಲ್ಲಾರೂ ಅವ್ರವ್ರ ಪಾಡಿಗೆ ತಟ್ಟೆ ಹಿಡ್ಕಂಡು ಓಡಾಡ್ತಿದ್ರಿ. ನೀನೋ ತುಂಬಿದ ತಟ್ಟೆ ತಂದು ಮುಂದೆ ಕುಕ್ಕಿ ಹೋಗ್ತಿದ್ದೆ. ನಾನೇ ಇಕ್ಕೊಂಡು ನಾನೇ ಉಣ್ಣಾಕೆ ನಾನೇನು ಪರದೇಸಿನಾ? ಒಬ್ಬರಿಗೆ ಇಕ್ಕಲಿಲ್ಲ, ಒಬ್ಬರು ನಂಗೆ ಇಕ್ಕಲಿಲ್ಲ. ಅನ್ನ ಹೆಂಗೆ ಇಳೀತದೆ ಗಂಟಲಲ್ಲಿ?"

ಮಾಂಸವೂ ಅಲ್ಲ, ಎಂಜಲೂ ಅಲ್ಲ, ಪಿತ್ತವೂ ಅಲ್ಲ. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಕೂತ ಆಳುಕಾಳುಗಳಿಗೆಲ್ಲ ಇಕ್ಕಿ, ಕಡೆಗೆ ಓರಗಿತ್ತಿಯರು ಒಬ್ಬರಿಗೊಬ್ಬರು ಇಕ್ಕಿಕೊಂಡು ಉಂಡ ಮನೆಯವರು ಅವರು. ಊಟ ಅಂದರೆ ಅವರ ಪ್ರಕಾರ ಇಬ್ಬರು ಸೇರಿ ಮಾಡುವ ಕೆಲಸ, ಒಬ್ಬರಿಂದ ಆಗುವುದಲ್ಲ. ನಾನು ಒಂದು ಸಂಗತಿ ಯೋಚಿಸಿದೆ. ಮನೆಯಲ್ಲಿ ನಾನೇ ಕಡೆಗೆ ಉಣ್ಣುವವಳು. ಅಡುಗೆಮನೆಯ ಕಟ್ಟೆಗೆ ಒರಗಿ, ಪಾತ್ರೆಯ ತಳ ಬಳಿದು ತಟ್ಟೆಗೆ ಹಾಕಿಕೊಂಡು, ಗಡಿಬಿಡಿಯಲ್ಲಿ ಮುಗಿಸುತ್ತೇನೆ. ನನಗೆ ಒಬ್ಬರು ಹೀಗೆ ಕೂರಿಸಿ, ಸಾಕೆಂದರೂ ಬಿಡದೆ ಇಕ್ಕಿದ್ದು ಎಷ್ಟು ಕಾಲವಾಯಿತು? ಕಂಪನಿಯವರು ಹಡಗನ್ನೇ ಕೊಟ್ಟರು ನಿಜ. ಆದರೆ ಆ ಬೆರಳ ಸಂದಿಯಿಂದ ಬಿದ್ದ ಒಂದು ಸೌಟು ಅನ್ನ ಇದೆಯಲ್ಲ, ರಾತ್ರಿ ಮಲಗುವಾಗ ದೇವರ ಮುಂದೆ ನಾನು ಮೊದಲು ಹೇಳಿಕೊಂಡದ್ದು ಅದನ್ನೇ.

ಸಂಜೆ ಟೋಪಿಗಳೆಲ್ಲ ವಾಪಸ್ಸು ಬಂದವು. ನಮ್ಮ ಯಜಮಾನರು ಬೆವರು ಒರೆಸಿಕೊಳ್ಳುತ್ತ, "ರೈಲಿನಲ್ಲಿ ಜಾಗ ಇದೆ. ಪೆಟ್ಟಿಗೆ ಕಟ್ಟಿದ್ಯಾ?" ಅಂತ ಬಾಗಿಲಿನಲ್ಲೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅತ್ತೆ ಎದ್ದು ನಿಂತರು. "ಬಂದ್ಯಾ? ಕೈಕಾಲು ತೊಳ್ಕಂಡು ಬಾ, ಇಕ್ತೀನಿ."

ಯಜಮಾನರು ನನ್ನ ಮುಖ ನೋಡಿದರು. "ಅವ್ವ ಊಟ ಮಾಡಿದ್ರು. ಎರಡು ಸಲ ಹಾಕಿಸಿಕೊಂಡ್ರು" ಅಂದೆ. ಆ ದೊಡ್ಡ ಮನುಷ್ಯ ಮಂಚದ ಮೇಲೆ ಕೂತು, ಟೋಪಿ ತೆಗೆದು, ಅದನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತ ಸುಮ್ಮನೆ ನಗುತ್ತಿದ್ದರು.

ರಾತ್ರಿಯ ಊಟದಲ್ಲಿ ಅತ್ತೆ ಮಗನಿಗೆ ಇಕ್ಕಿದರು. ಪಕ್ಕದಲ್ಲಿ ಕೂತಿದ್ದ ಮಲ್ಲೇಶ್ವರದ ಡೀಲರು ಸುಮ್ಮನಿರಲಾರದೆ, "ನಮಗಿಲ್ವಾ ಅಜ್ಜಿ?" ಅಂತ ಕೆಣಕಿ ಸಿಕ್ಕಿಬಿದ್ದರು. ಅವರಿಗೆ ಇಕ್ಕಿದ್ದು ನೋಡಿ ಅವರ ಪಕ್ಕದವರೂ ಕೂತರು. ನಾಲ್ಕು ಮೇಜು ಕೂಡಿಸಿ ಒಂದು ಪಂಕ್ತಿಯೇ ಆಯಿತು. ಮಣಿಕಟ್ಟಿಗೆ ಭಾರವಾದೀತೆಂದು ಪಾತ್ರೆ ನಾನು ಹಿಡಿದೆ, ಸೌಟು ಅವರು ಹಿಡಿದರು. ಬಣ್ಣದ ಕಂಪನಿಯ ದೊಡ್ಡ ಅಧಿಕಾರಿ "ಡಯಟ್ಟು ಅಮ್ಮ, ಡಯಟ್ಟು" ಅಂತ ಕೈ ಅಡ್ಡ ಇಟ್ಟರೆ, "ಅದನ್ನೂ ನಾಳೆ ಮಾಡಿಸಾನ, ಈಗ ಇದನ್ನು ಉಣ್ಣಪ್ಪ" ಅಂತ ಹಾಕಿಯೇಬಿಟ್ಟರು. ಈ ಗಲಾಟೆಯಲ್ಲಿ ಹಡಗು ಹಗ್ಗ ಬಿಚ್ಚಿಕೊಂಡು ಹೊರಟದ್ದು ನಮಗೆ ಗೊತ್ತೇ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಪೆಟ್ಟಿಗೆಯ ತಳದಿಂದ ಹಸಿರು ಇಳಕಲ್ ಸೀರೆ ತೆಗೆದುಕೊಟ್ಟೆ. ಉಟ್ಟುಕೊಂಡು ಮೇಲಟ್ಟಕ್ಕೆ ಬಂದರು. ದಡವಿಲ್ಲ, ದೋಣಿಯಿಲ್ಲ, ಗರುಡವೂ ಇಲ್ಲ. ಕಣ್ಣು ಹಾಯಿಸಿದ ಕಡೆಯೆಲ್ಲ ನೀರು, ನೀಲಿಯಲ್ಲಿ ಹಸಿರು ಹೊಯ್ದ ಹಾಗೆ. ನಮ್ಮ ಯಜಮಾನರು ಅದಕ್ಕೆ ಕ್ಯಾಟಲಾಗಿನ ಒಂದು ಹೆಸರು ಹೇಳಿದರು, ನಾನು ಮರೆತೆ. ಅತ್ತೆ ಕಂಬಿ ಹಿಡಿದುಕೊಂಡು ಸುತ್ತ ನೋಡಿದರು. ಒಂದು ಸುತ್ತು ಪೂರ್ತಿ, ದೇವಸ್ಥಾನದಲ್ಲಿ ಆತ್ಮಪ್ರದಕ್ಷಿಣೆ ಹಾಕುವ ಹಾಗೆ ತಿರುಗಿ ನೋಡಿದರು.

"ಹೇಗಿದೆ ಅತ್ತೆ, ಸೀರೆ?" ಅಂದೆ.

"ಅಂಚಿಲ್ಲ, ಸೆರಗಿಲ್ಲ. ಬರೀ ಒಡಲು ಕಣೆ" ಅಂದರು. ಗಾಳಿಗೆ ಎದ್ದು ಬೀಳುತ್ತಿದ್ದ ಅಲೆಗಳನ್ನು ಇನ್ನಷ್ಟು ಹೊತ್ತು ನೋಡಿ ಮೆಲ್ಲಗೆ ಸೇರಿಸಿದರು: "ಎಲ್ಲಾ ಮುದುರಿ ಹೋಗೈತೆ ನೋಡು. ಪಾಪ, ಒಂದು ಇಸ್ತ್ರಿ ಮಾಡ್ಕಳ್ಳಾಕೂ ಅವಳಿಗೆ ಪುರುಸೊತ್ತಿಲ್ಲ. ಎಷ್ಟು ಜನಕ್ಕೆ ಇಕ್ಕಬೇಕು ಅವಳು!"

ಕೈಮುಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈ ಹಿಡಿದುಕೊಂಡರು.

"ನಡಿ, ತಿಂಡಿ ಹೊತ್ತಾಯ್ತು. ಅವರೆಲ್ಲ ತಟ್ಟೆ ಮುಂದಿಟ್ಕಂಡು ಕೂತಿರ್ತಾರೆ."